ರೇಬೀಸ್: ವೈರಾಣುವಿನ ದಾರಿ, ಲಸಿಕೆಯ ಚರಿತ್ರೆ ಮತ್ತು ಗ್ರಾಮ ಪಂಚಾಯಿತಿಯ ಪಾಲು



ನಮ್ಮ ಪಂಚಾಯಿತಿಯ ಸಾಮಾನ್ಯ ಸಭೆಯೊಂದರಲ್ಲಿ ನಾಯಿಗಳ ಲಸಿಕಾ ಶಿಬಿರಕ್ಕೆ ಸ್ವಂತ ನಿಧಿಯಿಂದ ಹಣ ತೆಗೆದಿರಿಸುವ ವಿಷಯ ಚರ್ಚೆಗೆ ಬಂದಿತ್ತು. ಹಿರಿಯ ಸದಸ್ಯರೊಬ್ಬರು ಎದ್ದುನಿಂತು, "ಪಿಡಿಒ ಅವರೇ, ಕುಡಿಯುವ ನೀರಿನ ಮೋಟಾರು ರಿಪೇರಿಗೇ ದುಡ್ಡಿಲ್ಲ. ನಾಯಿಗೆ ಸೂಜಿ ಹಾಕಿಸುವುದೂ ಪಂಚಾಯಿತಿ ಕೆಲಸವೇ?" ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಸಭೆಯಲ್ಲಿ ನಾನು ಕೊಟ್ಟ ಉತ್ತರ ಮಾತ್ರ ಅರೆಬರೆಯಾಗಿತ್ತು. ಸಿವಿಲ್ ಇಂಜಿನಿಯರಿಂಗ್ ಓದಿ ಈ ಹುದ್ದೆಗೆ ಬಂದ ನನಗೆ ಚರಂಡಿಯ ಇಳಿಜಾರಿನ ಲೆಕ್ಕ ಗೊತ್ತಿತ್ತೇ ಹೊರತು ವೈರಾಣುವಿನ ಲೆಕ್ಕ ಗೊತ್ತಿರಲಿಲ್ಲ. ಆ ಬಳಿಕ ಪಶುವೈದ್ಯಾಧಿಕಾರಿಗಳನ್ನೂ ಆರೋಗ್ಯಾಧಿಕಾರಿಗಳನ್ನೂ ಕೇಳಿ, ಓದಿ ತಿಳಿದುಕೊಂಡದ್ದನ್ನು ಇಲ್ಲಿ ನಿವೇದಿಸಿದ್ದೇನೆ.

ಮೊದಲಿಗೆ ಒಂದು ಪ್ರಸಂಗ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಮಲೆನಾಡಿನ ಪಂಚಾಯಿತಿಯೊಂದರಲ್ಲಿ ರೈತ ಕುಟುಂಬದ ಕರುವೊಂದು ಮೇವು ಬಿಟ್ಟು, ಜೊಲ್ಲು ಸುರಿಸುತ್ತ, ಒಡಕು ದನಿಯಲ್ಲಿ ಅರಚತೊಡಗಿತು. ಗಂಟಲಿನಲ್ಲಿ ಏನೋ ಸಿಕ್ಕಿಕೊಂಡಿದೆಯೆಂದು ಭಾವಿಸಿದ ಮನೆಯವರು ಒಬ್ಬರಾದ ಮೇಲೊಬ್ಬರು ಬಾಯಿಯೊಳಗೆ ಕೈ ಹಾಕಿ ನೋಡಿದರು. ಪಕ್ಕದ ತೋಟದ ಲೈನ್ ಮನೆಯಿಂದ ನೆರವಿಗೆ ಬಂದ ಕಾರ್ಮಿಕನೂ ಕೈ ಹಾಕಿದ. ಕಾಫಿ ಹಣ್ಣು ಕೊಯ್ಯುವ ಕಾಲವಾದ್ದರಿಂದ ಆತನ ಬೆರಳುಗಳ ತುಂಬ ಗೀರುಗಳಿದ್ದವು. ನಾಲ್ಕನೆಯ ದಿನ ಕರು ಸತ್ತಿತು. ಸುಮಾರು ಒಂದು ತಿಂಗಳ ಹಿಂದೆ ಅಪರಿಚಿತ ನಾಯಿಯೊಂದು ಕೊಟ್ಟಿಗೆಗೆ ನುಗ್ಗಿ ಅದರ ಮೂತಿಗೆ ಕಚ್ಚಿತ್ತೆಂಬುದು ಆಗ ನೆನಪಿಗೆ ಬಂತು. ಮನೆಯವರೆಲ್ಲರೂ ಲಸಿಕೆ ಹಾಕಿಸಿಕೊಂಡರು. ಕಾರ್ಮಿಕ ಎರಡು ಸಲ ಹೋಗಿ ನಿಲ್ಲಿಸಿಬಿಟ್ಟ. ಹೋಗಿ ಬರಲು ಒಂದು ದಿನದ ಕೂಲಿ ಹೋಗುತ್ತದೆ, ಕೈಗೆ ಗಾಯವೂ ಕಾಣುತ್ತಿಲ್ಲ ಎಂಬುದು ಆತನ ಲೆಕ್ಕ. ಹಣ್ಣು ಮುಗಿದೊಡನೆ ಬೇರೆ ತಾಲ್ಲೂಕಿನ ತೋಟಕ್ಕೆ ಹೊರಟುಹೋದ. ಆಶಾ ಕಾರ್ಯಕರ್ತೆಯೂ ನಾನೂ ಮೇಸ್ತ್ರಿಯಿಂದ ಮೇಸ್ತ್ರಿಗೆ ಫೋನು ಮಾಡಿ ಅವನನ್ನು ಹುಡುಕಲು ಆರು ದಿನ ಹಿಡಿಯಿತು. ಅಲ್ಲಿಯ ಆಸ್ಪತ್ರೆಯಲ್ಲಿ ಉಳಿದ ಲಸಿಕೆ ಹಾಕಿಸಿದೆವು. ಆತ ಈಗಲೂ ವರ್ಷಕ್ಕೊಮ್ಮೆ ಫೋನು ಮಾಡುತ್ತಾನೆ. ಆ ಆರು ದಿನ ಅಷ್ಟು ಭಯಪಡಬೇಕಾದದ್ದು ಏಕೆಂಬುದು ವೈರಾಣುವಿನ ಸ್ವಭಾವವನ್ನು ತಿಳಿದರೆ ಅರ್ಥವಾಗುತ್ತದೆ.

ನರದೊಳಗಿನ ನಡಿಗೆ

ರೇಬೀಸ್ ವೈರಾಣು ಬಂದೂಕಿನ ಗುಂಡಿನ ಆಕಾರದ್ದು. ಉದ್ದ ಸುಮಾರು 180 ನ್ಯಾನೊಮೀಟರ್, ಅಗಲ ಸುಮಾರು 75 ನ್ಯಾನೊಮೀಟರ್. ಅದರ ಆನುವಂಶಿಕ ಬರಹವೆಲ್ಲ ಸೇರಿ 12,000 ಅಕ್ಷರಗಳಷ್ಟು. ಹೆಚ್ಚೂ ಕಡಿಮೆ ಈ ಲೇಖನದ ಅಳತೆ. ಅಷ್ಟರಲ್ಲಿ ಐದೇ ಐದು ಪ್ರೋಟೀನುಗಳ ನಕ್ಷೆ ಅಡಗಿದೆ. ಹೊರಮೈಯಲ್ಲಿ ಮುಳ್ಳುಗಳಂತೆ ಚಾಚಿಕೊಂಡಿರುವ ಗ್ಲೈಕೊಪ್ರೋಟೀನ್ ಇವುಗಳಲ್ಲಿ ಮುಖ್ಯವಾದದ್ದು. ಜೀವಕೋಶಕ್ಕೆ ಅಂಟಿಕೊಳ್ಳಲು ವೈರಾಣು ಬಳಸುವ ಬೀಗದ ಕೈ ಅದೇ. ನಮ್ಮ ದೇಹ ಗುರುತಿಸಿ ಪ್ರತಿಕಾಯಗಳನ್ನು ತಯಾರಿಸುವುದೂ ಅದರ ವಿರುದ್ಧವೇ. ಇಂದಿನ ಲಸಿಕೆಗಳೆಲ್ಲವೂ ಈ ಒಂದು ಪ್ರೋಟೀನನ್ನು ದೇಹಕ್ಕೆ ಪರಿಚಯಿಸುವ ಪ್ರಯತ್ನಗಳೆಂದರೆ ತಪ್ಪಾಗದು.

ಜೊಲ್ಲಿನ ಮೂಲಕ ಗಾಯವನ್ನು ಸೇರಿದ ವೈರಾಣು ಇತರ ರೋಗಾಣುಗಳಂತೆ ರಕ್ತಕ್ಕೆ ಇಳಿಯುವುದಿಲ್ಲ. ಕೆಲಕಾಲ ಸ್ನಾಯುವಿನಲ್ಲಿ ಸದ್ದಿಲ್ಲದೆ ಇದ್ದು, ಸ್ನಾಯುವೂ ನರವೂ ಕೂಡುವ ಸ್ಥಳದಲ್ಲಿ ನರತಂತುವಿನ ತುದಿಯನ್ನು ಹೊಕ್ಕುತ್ತದೆ. ನರತಂತುವಿನೊಳಗೆ ಸರಕು ಸಾಗಿಸುವ ವ್ಯವಸ್ಥೆಯೊಂದು ಸದಾ ನಡೆಯುತ್ತಿರುತ್ತದೆ. ವೈರಾಣು ಆ ಸರಕುಗಾಡಿಯನ್ನೇರಿ ಬೆನ್ನುಹುರಿಯತ್ತ, ಅಲ್ಲಿಂದ ಮಿದುಳಿನತ್ತ ಸಾಗುತ್ತದೆ. ರಕ್ತದಲ್ಲಿ ಕಾಣಿಸಿಕೊಳ್ಳದ ಕಾರಣ ದೇಹದ ರಕ್ಷಣಾ ವ್ಯವಸ್ಥೆಗೆ ಸುಳಿವೇ ಸಿಗುವುದಿಲ್ಲ. ಕಚ್ಚಿಸಿಕೊಂಡವರ ರಕ್ತ ಪರೀಕ್ಷೆ ಮಾಡಿಸಿ 'ರೋಗ ತಗುಲಿದೆಯೇ' ಎಂದು ಮುಂಚಿತವಾಗಿ ತಿಳಿಯಲಾಗದಿರುವುದಕ್ಕೂ ಇದೇ ಕಾರಣ.

ರೋಗಲಕ್ಷಣ ಕಾಣಲು ಸಾಮಾನ್ಯವಾಗಿ ಎರಡು ಮೂರು ತಿಂಗಳು ಬೇಕು. ಕೆಲವೊಮ್ಮೆ ವಾರವೊಪ್ಪತ್ತಿನಲ್ಲೇ ಕಾಣಬಹುದು, ಅಪರೂಪಕ್ಕೆ ವರ್ಷ ದಾಟಬಹುದು. ಮುಖ, ಕುತ್ತಿಗೆ, ಬೆರಳ ತುದಿಯ ಕಡಿತ ಹೆಚ್ಚು ಅಪಾಯಕಾರಿ. ಮಿದುಳಿಗೆ ದಾರಿ ಹತ್ತಿರ, ಅಥವಾ ನರದ ತುದಿಗಳು ದಟ್ಟ. ಮಕ್ಕಳು ನಾಯಿಯ ಎತ್ತರಕ್ಕೇ ಇರುವುದರಿಂದ ಅವರಿಗೆ ಮುಖಕ್ಕೇ ಕಡಿತವಾಗುವುದು ಹೆಚ್ಚು.

ಮಿದುಳನ್ನು ಮುಟ್ಟಿದ ಮೇಲೆ ವೈರಾಣು ಹಿಂದಿರುಗಿ ಜೊಲ್ಲಿನ ಗ್ರಂಥಿಗಳಿಗೆ ಇಳಿಯುತ್ತದೆ. ನೀರು ಕಂಡರೆ ಗಂಟಲು ಬಿಗಿಯುವುದು, ಗಾಳಿ ಸೋಕಿದರೆ ನಡುಗುವುದು, ಉದ್ರೇಕ ಇವೆಲ್ಲ ಆಗಿನ ಲಕ್ಷಣಗಳು. ಕೆಲವರಲ್ಲಿ ಇದಾವುದೂ ಇಲ್ಲದೆ ಕೈಕಾಲು ಸೋಲುವ ಪಾರ್ಶ್ವವಾಯುವಿನ ರೂಪದಲ್ಲಿ ಬರುವುದರಿಂದ ರೋಗವನ್ನು ಗುರುತಿಸುವುದೇ ಕಷ್ಟವಾಗುತ್ತದೆ. ಲಕ್ಷಣ ಆರಂಭವಾದ ಮೇಲೆ ಬದುಕಿದವರು ಇಡೀ ಪ್ರಪಂಚದಲ್ಲಿ ಬೆರಳೆಣಿಕೆಯಷ್ಟು. ಆದ್ದರಿಂದ ಚಿಕಿತ್ಸೆಯೆಂದರೆ ಕಡಿತಕ್ಕೂ ಲಕ್ಷಣಕ್ಕೂ ನಡುವಿನ ಅವಧಿಯಲ್ಲಿ ಮಾಡುವ ಕೆಲಸ ಮಾತ್ರ. ಲಸಿಕೆ ಆ ಅವಧಿಯಲ್ಲಿ ವೈರಾಣುವಿಗಿಂತ ಮೊದಲು ತಲುಪಬೇಕು.

ಒಣಗಿಸಿದ ಬೆನ್ನುಹುರಿಯಿಂದ ಕೋಶ ಕೃಷಿಯವರೆಗೆ

ಫ್ರಾನ್ಸಿನ ಲೂಯಿ ಪ್ಯಾಶ್ಚರ್ ಅವರು 1885ರ ಜುಲೈ 6ರಂದು ಜೋಸೆಫ್ ಮೈಸ್ಟರ್ ಎಂಬ ಒಂಬತ್ತು ವರ್ಷದ ಬಾಲಕನಿಗೆ ಮೊದಲ ಚುಚ್ಚುಮದ್ದು ಕೊಡಿಸಿದಾಗ ವೈರಾಣುವನ್ನು ಯಾರೂ ಕಂಡಿರಲಿಲ್ಲ. ರೋಗ ತಗುಲಿದ ಮೊಲದ ಬೆನ್ನುಹುರಿಯನ್ನು ಗಾಳಿಯಲ್ಲಿ ಒಣಗಿಸಿದಷ್ಟೂ ಅದರ ಮಾರಕ ಶಕ್ತಿ ಕುಗ್ಗುತ್ತದೆಂಬುದನ್ನು ಅವರು ಗಮನಿಸಿದ್ದರು. ಹೆಚ್ಚು ಒಣಗಿದ್ದರಿಂದ ಆರಂಭಿಸಿ ದಿನದಿನಕ್ಕೆ ತಾಜಾ ಇದ್ದುದರತ್ತ ಸಾಗುತ್ತ 13 ಚುಚ್ಚುಮದ್ದು ಕೊಡಲಾಯಿತು. ಬಾಲಕ ಉಳಿದ. ಭಾರತದಲ್ಲಿ 1900ರಲ್ಲಿ ಕಸೌಲಿಯಲ್ಲಿಯೂ, ದಕ್ಷಿಣದವರಿಗಾಗಿ 1907ರಲ್ಲಿ ನೀಲಗಿರಿಯ ಕೂನೂರಿನಲ್ಲಿಯೂ ಪ್ಯಾಶ್ಚರ್ ಸಂಸ್ಥೆಗಳು ತೆರೆದವು.

1911ರಲ್ಲಿ ಕಸೌಲಿಯಲ್ಲಿ ಡೇವಿಡ್ ಸೆಂಪಲ್ ಎಂಬವರು ಕುರಿಯ ಮಿದುಳಿನಲ್ಲಿ ವೈರಾಣುವನ್ನು ಬೆಳೆಸಿ, ಫೀನಾಲ್‌ನಿಂದ ನಿಷ್ಕ್ರಿಯಗೊಳಿಸುವ ವಿಧಾನವನ್ನು ರೂಪಿಸಿದರು. ನಮ್ಮ ಹಿರಿಯರು ಇಂದಿಗೂ ಹೇಳುವ 'ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ' ಇದೇ. ಅಗ್ಗವಾಗಿತ್ತು, ದೇಶದಲ್ಲೇ ತಯಾರಾಗುತ್ತಿತ್ತು, ಲಕ್ಷಾಂತರ ಜನರಿಗೆ ಒದಗಿತು. ಆದರೆ ಮಿದುಳಿನ ಅಂಶವೂ ಅದರಲ್ಲಿ ಸೇರಿರುತ್ತಿದ್ದುದರಿಂದ ಕೆಲವರಲ್ಲಿ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ನರಗಳ ಮೇಲೆ ತಿರುಗಿಬಿದ್ದು ಪಾರ್ಶ್ವವಾಯು ಉಂಟಾಗುತ್ತಿತ್ತು. ಭಾರತದಲ್ಲಿ ಇದರ ತಯಾರಿಕೆ ನಿಂತದ್ದು 2004ರ ಕೊನೆಯಲ್ಲಿ. ಇಷ್ಟು ಇತ್ತೀಚಿನವರೆಗೂ ಅದೇ ಲಸಿಕೆಯಿತ್ತೆಂಬುದು ನನಗೆ ಅಚ್ಚರಿ ತಂದಿತು. ನಮ್ಮ ಹಳ್ಳಿಗಳಲ್ಲಿ ಸೂಜಿಯ ಬಗ್ಗೆ ಉಳಿದಿರುವ ಭಯ ಬರಿಯ ಮೌಢ್ಯವಲ್ಲ, ಅದು ಆ ಲಸಿಕೆಯ ನೆನಪು. ಜನರಿಗೆ ತಿಳಿಹೇಳುವಾಗ 'ಹಳೆಯ ಲಸಿಕೆ ಈಗ ಇಲ್ಲವೇ ಇಲ್ಲ, ಈಗಿನದು ತೋಳಿಗೆ ಹಾಕುವಂಥದು' ಎಂಬ ಒಂದು ಮಾತನ್ನು ಮೊದಲು ಹೇಳಿದರೆ ಅರ್ಧ ಕೆಲಸವಾದಂತೆ.

ಈಗಿನ ಲಸಿಕೆಗಳಿಗೆ ವೈರಾಣುವನ್ನು ಮಿದುಳಿನಲ್ಲಲ್ಲ, ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಕೋಶಗಳಲ್ಲಿ ಕೃಷಿ ಮಾಡಿ, ಕೊಂದು, ಶುದ್ಧೀಕರಿಸುತ್ತಾರೆ. ಅಮೆರಿಕದ ವಿಸ್ಟಾರ್ ಸಂಸ್ಥೆಯಲ್ಲಿ ಮಾನವ ಜೀವಕೋಶಗಳಿಂದ ತಯಾರಾದ ಇಂಥ ಲಸಿಕೆಯನ್ನು 1970ರ ದಶಕದಲ್ಲಿ ಇರಾನಿನಲ್ಲಿ ಹುಚ್ಚು ತೋಳ ಮತ್ತು ನಾಯಿಗಳಿಂದ ಕಡಿತಕ್ಕೊಳಗಾದ 45 ಜನರಿಗೆ ಸೀರಮ್ಮಿನೊಂದಿಗೆ ಕೊಡಲಾಯಿತು. 45 ಜನರೂ ಬದುಕಿದರು. ನಮ್ಮ ಆಸ್ಪತ್ರೆಗಳಿಗೆ ಇಂದು ಬರುವ ಲಸಿಕೆಗಳು ವೆರೊ ಎಂಬ ಕೋಶಗಳಲ್ಲಿ ಅಥವಾ ಕೋಳಿಯ ಭ್ರೂಣದ ಕೋಶಗಳಲ್ಲಿ ಬೆಳೆಸಿದಂಥವು.

ಸೀರಮ್ಮಿನ ವಿಷಯವನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ನಮ್ಮಲ್ಲಿ ಹೆಚ್ಚಾಗಿ ತಪ್ಪಿಹೋಗುವುದು ಇದೇ. ಲಸಿಕೆ ಹಾಕಿದ ಮೇಲೆ ದೇಹ ತನ್ನ ಪ್ರತಿಕಾಯಗಳನ್ನು ತಯಾರಿಸಲು ಒಂದರಿಂದ ಎರಡು ವಾರ ಬೇಕು. ಆಳವಾದ ಗಾಯದಲ್ಲಿ ಅಷ್ಟರೊಳಗೆ ವೈರಾಣು ನರವನ್ನು ಹೊಕ್ಕುಬಿಡಬಹುದು. ಆ ಅಂತರವನ್ನು ತುಂಬಲು ಸಿದ್ಧ ಪ್ರತಿಕಾಯಗಳನ್ನೇ ಗಾಯದ ಒಳಗೂ ಸುತ್ತಲೂ ಚುಚ್ಚುತ್ತಾರೆ. ಇದೇ ಇಮ್ಯುನೊಗ್ಲಾಬ್ಯುಲಿನ್. 1954ರಲ್ಲಿ ಇರಾನಿನ ಹಳ್ಳಿಯೊಂದರಲ್ಲಿ ಒಂದೇ ಹುಚ್ಚು ತೋಳ ಒಂದೇ ರಾತ್ರಿ ಹಲವರನ್ನು ಕಚ್ಚಿತು. ತಲೆಗೆ ಗಾಯವಾಗಿ ಲಸಿಕೆ ಮಾತ್ರ ಪಡೆದ ಐವರಲ್ಲಿ ಮೂವರು ತೀರಿಕೊಂಡರು. ತಲೆಗೇ ಗಾಯವಾಗಿ ಸೀರಮ್ಮನ್ನೂ ಪಡೆದವರಲ್ಲಿ ಸತ್ತದ್ದು ಒಬ್ಬರು ಮಾತ್ರ. ಜಗತ್ತು ಸೀರಮ್ಮಿನ ಬೆಲೆಯನ್ನು ಅರಿತದ್ದು ಆ ಘಟನೆಯಿಂದ. ಮೊದಲು ಕುದುರೆಯ ಅಥವಾ ಮನುಷ್ಯರ ರಕ್ತದಿಂದಷ್ಟೇ ಇದನ್ನು ಪಡೆಯಬೇಕಿತ್ತು, ಹಾಗಾಗಿ ಸದಾ ಕೊರತೆ. ಈಗ ಪ್ರಯೋಗಾಲಯದಲ್ಲೇ ತಯಾರಿಸುವ ಮಾನೊಕ್ಲೋನಲ್ ಪ್ರತಿಕಾಯಗಳು ಭಾರತದಲ್ಲೇ ಉತ್ಪಾದನೆಯಾಗುತ್ತಿವೆ. ಮೊದಲ ಲಸಿಕೆಯ ದಿನವೇ ಇದನ್ನು ಕೊಡಬೇಕು. ಅಂದು ಆಗದಿದ್ದರೆ ಏಳನೆಯ ದಿನದವರೆಗೆ ಅವಕಾಶವಿದೆ, ಅನಂತರ ಪ್ರಯೋಜನವಿಲ್ಲ.

ಈ ಸಂಶೋಧನೆಯಲ್ಲಿ ಕರ್ನಾಟಕದ ಪಾಲು ದೊಡ್ಡದು. ಬೆಂಗಳೂರಿನ ನಿಮ್ಹಾನ್ಸ್‌ನ ನರ ವೈರಾಣು ವಿಜ್ಞಾನ ವಿಭಾಗ ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗ ಕೇಂದ್ರ, ಅಲ್ಲಿ ಡಾ. ಎಸ್.ಎನ್. ಮಧುಸೂದನ ಮತ್ತು ಅವರ ಸಹೋದ್ಯೋಗಿಗಳು ಲಸಿಕೆ ಪಡೆದವರ ರಕ್ತದಲ್ಲಿ ಪ್ರತಿಕಾಯಗಳ ಪ್ರಮಾಣವನ್ನು ಅಳೆಯುವ ಕೆಲಸವನ್ನು ದಶಕಗಳ ಕಾಲ ನಡೆಸಿದರು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಪಿ.ಎನ್. ರಂಗರಾಜನ್ ಅವರ ತಂಡ ಡಿಎನ್ಎ ಲಸಿಕೆಯನ್ನು ಅಲ್ಪ ಪ್ರಮಾಣದ ಸಾಂಪ್ರದಾಯಿಕ ಲಸಿಕೆಯೊಂದಿಗೆ ಬೆರೆಸಿದ ಹೊಸ ಮಿಶ್ರಣದ ಫಲಿತಾಂಶವನ್ನು 2001ರಲ್ಲಿ ಪ್ರಕಟಿಸಿತು. ಕೆಂಪೇಗೌಡ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಡಾ. ಎಂ.ಕೆ. ಸುದರ್ಶನ್ ಅವರ ನೇತೃತ್ವದಲ್ಲಿ 2003ರಲ್ಲಿ ನಡೆದ ಸಮೀಕ್ಷೆ ದೇಶದಲ್ಲಿ ವರ್ಷಕ್ಕೆ ಸುಮಾರು 20,000 ಜನ ರೇಬೀಸ್‌ನಿಂದ ಸಾಯುತ್ತಾರೆಂದು ಅಂದಾಜಿಸಿತ್ತು. 2022-23ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನಡೆಸಿದ ಸಮೀಕ್ಷೆಯ ಅಂದಾಜು ವರ್ಷಕ್ಕೆ ಸುಮಾರು 5,700 ಮರಣ, 91 ಲಕ್ಷ ಪ್ರಾಣಿ ಕಡಿತ. ಮರಣ ಇಳಿದಿದೆ. ಆದರೆ ಅದೇ ಸಮೀಕ್ಷೆಯಲ್ಲಿ ನಾಯಿ ಕಚ್ಚಿದವರ ಪೈಕಿ ಐದರಲ್ಲೊಬ್ಬರು ಒಂದೂ ಲಸಿಕೆ ಪಡೆದಿರಲಿಲ್ಲ.

ಚರ್ಮದೊಳಗಿನ ಚುಚ್ಚುಮದ್ದು ಮತ್ತು ಗುಡ್ಡಗಾಡಿನ ತೊಡಕು

ಹಿಂದೆ ಸ್ನಾಯುವಿಗೆ ಐದು ದಿನ ಐದು ಪೂರ್ಣ ಪ್ರಮಾಣದ ಲಸಿಕೆ ಬೇಕಿತ್ತು. ಚರ್ಮದ ಪದರದಲ್ಲಿ ರಕ್ಷಣಾ ಕೋಶಗಳು ದಟ್ಟವಾಗಿರುವುದರಿಂದ ಅಲ್ಲಿ 0.1 ಮಿಲಿಲೀಟರ್ ಚುಚ್ಚಿದರೂ ಅಷ್ಟೇ ರಕ್ಷಣೆ ದೊರೆಯುತ್ತದೆಂದು ಥಾಯ್ಲೆಂಡಿನ ವೈದ್ಯರು ತೋರಿಸಿಕೊಟ್ಟರು. ಭಾರತದಲ್ಲಿ ಇದಕ್ಕೆ 2006ರಲ್ಲಿ ಒಪ್ಪಿಗೆ ದೊರೆಯಿತು. ಎರಡೂ ತೋಳಿಗೆ ಒಂದೊಂದು, ಮೊದಲ ದಿನ, ಅನಂತರ 3, 7 ಮತ್ತು 28ನೆಯ ದಿನ. ಒಟ್ಟು ಖರ್ಚಾಗುವುದು 0.8 ಮಿಲಿಲೀಟರ್ ಮಾತ್ರ.

ಬೆಂಗಳೂರಿನ ಆಸ್ಪತ್ರೆಗೆ ಇದು ವರದಾನ. ಹೆತ್ತೂರು, ಯಸಳೂರು ಅಥವಾ ಕೆಂಚಮ್ಮನ ಹೊಸಕೋಟೆ ಹೋಬಳಿಯ ಹಳ್ಳಿಗೆ? ತೆರೆದ ಸೀಸೆಯನ್ನು ಕೆಲವೇ ಗಂಟೆಗಳಲ್ಲಿ ಮುಗಿಸಬೇಕು. ದಿನಕ್ಕೆ ಒಬ್ಬರೇ ಬಂದರೆ ಉಳಿದದ್ದು ಚೆಲ್ಲಿಹೋಗುತ್ತದೆ. ಉಳಿತಾಯದ ಲೆಕ್ಕ ತಲೆಕೆಳಗಾಗುತ್ತದೆ. 'ನಾಲ್ವರಾಗಲಿ' ಎಂದು ಕಾಯಿಸಿದರೆ ಮೊದಲ ದಿನದ ಲಸಿಕೆ ತಡವಾಗುತ್ತದೆ. ಆ ತಡ ಯಾವ ಕಾರಣಕ್ಕೂ ಆಗಕೂಡದು. ಸದಸ್ಯರು ತಮ್ಮ ವ್ಯಾಪ್ತಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ ತಿಳಿಯಬೇಕಾದ ಅಂಶಗಳು ಎರಡು: ಲಸಿಕೆ ಇಂದು ಇದೆಯೇ, ಇಮ್ಯುನೊಗ್ಲಾಬ್ಯುಲಿನ್ ಎಲ್ಲಿ ಸಿಗುತ್ತದೆ. ಎರಡನೆಯದಕ್ಕೆ ತಾಲ್ಲೂಕು ಆಸ್ಪತ್ರೆಗೋ ಹಾಸನದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೋ ಹೋಗಬೇಕಾಗಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ಇವೆರಡೂ ಉಚಿತ. ಲಸಿಕೆಯನ್ನು 2ರಿಂದ 8 ಡಿಗ್ರಿ ತಾಪದಲ್ಲಿಡಬೇಕು; ಮುಂಗಾರಿನಲ್ಲಿ ಮರ ಬಿದ್ದು ಮೂರು ದಿನ ಕರೆಂಟಿಲ್ಲದ ಊರುಗಳಲ್ಲಿ ಆರೋಗ್ಯ ಕೇಂದ್ರದ ಫ್ರಿಜ್ಜಿಗೆ ಬದಲಿ ವಿದ್ಯುತ್ ಇದೆಯೇ ಎಂಬುದನ್ನೂ ನೋಡಿರಿ. ಅದು ಪಂಚಾಯಿತಿ ನೆರವಾಗಬಹುದಾದ ಕೆಲಸ.

ಕಡಿತವಾದೊಡನೆ ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯುವುದು ಮೊದಲ ಚಿಕಿತ್ಸೆ. ವೈರಾಣುವಿನ ಹೊರಪೊರೆ ಕೊಬ್ಬಿನದು, ಸೋಪು ಅದನ್ನು ಕರಗಿಸುತ್ತದೆ. ಜಿಡ್ಡಿನ ಪಾತ್ರೆಯನ್ನು ಸೋಪು ತೊಳೆಯುವ ಕ್ರಿಯೆಯೇ ಇದು. ಸುಣ್ಣ, ಮೆಣಸಿನಪುಡಿ, ಕಾಫಿಪುಡಿ, ಸೊಪ್ಪಿನ ರಸ ಹಚ್ಚುವುದು, ಬರೆ ಎಳೆಯುವುದು ಬೇಡ. ಅವು ಗಾಯವನ್ನು ಕೆರಳಿಸಿ ವೈರಾಣುವನ್ನು ಇನ್ನೂ ಆಳಕ್ಕೆ ತಳ್ಳಬಹುದು. ನಾಟಿ ಔಷಧಿ ಕೊಡುವವರನ್ನು ಹೀಗಳೆದರೆ ಜನ ನಮ್ಮ ಮಾತು ಕೇಳುವುದಿಲ್ಲ, ಇದು ನನ್ನ ಅನುಭವ. ಕಚ್ಚಿದವರಲ್ಲಿ ಬಹುಪಾಲು ನಾಯಿಗಳಿಗೆ ರೋಗವೇ ಇರದ ಕಾರಣ ಆ ಔಷಧಿ 'ಫಲಿಸಿದಂತೆ' ಕಾಣುತ್ತದೆಂದು ವಿವರಿಸಿದರೆ ಕೇಳುತ್ತಾರೆ. ಪಥ್ಯದ ಅಗತ್ಯವಿಲ್ಲ. ಗರ್ಭಿಣಿಯರೂ ಹಸುಳೆಗಳೂ ಲಸಿಕೆ ಪಡೆಯಬಹುದು.

ನಾಯಿಯನ್ನು ಹತ್ತು ದಿನ ಗಮನಿಸಬೇಕೆಂಬ ನಿಯಮಕ್ಕೂ ವೈಜ್ಞಾನಿಕ ಆಧಾರವಿದೆ: ಜೊಲ್ಲಿನಲ್ಲಿ ವೈರಾಣು ಬಂದಿದ್ದರೆ ಆ ನಾಯಿ ಹತ್ತು ದಿನದೊಳಗೆ ರೋಗಲಕ್ಷಣ ತೋರಿ ಸಾಯುತ್ತದೆ. ಆದರೆ ಹತ್ತು ದಿನ ಕಾದು ಆಮೇಲೆ ಲಸಿಕೆ ಎಂದಲ್ಲ, ಲಸಿಕೆ ಆರಂಭಿಸಿ ಗಮನಿಸಬೇಕು. ನಮ್ಮ ಕಡೆ ಮೂರನೆಯ ರಾತ್ರಿಯೇ ನಾಯಿಯನ್ನು ಚಿರತೆ ಹೊತ್ತೊಯ್ಯುವುದೂ ಉಂಟು. ಆಗ ನಾಯಿಗೆ ರೋಗವಿತ್ತೆಂದೇ ಭಾವಿಸಿ ಲಸಿಕೆ ಪೂರೈಸತಕ್ಕದ್ದು. ಗುಳ್ಳೆನರಿ, ಮುಂಗುಸಿ ಮುಂತಾದ ಕಾಡುಪ್ರಾಣಿಗಳ ಕಡಿತವನ್ನು ಯಾವಾಗಲೂ ತೀವ್ರ ವರ್ಗದ ಗಾಯವೆಂದೇ ಪರಿಗಣಿಸುತ್ತಾರೆ.

ನಾಯಿಗೆ ಸೂಜಿ: ಲೆಕ್ಕ

ಈಗ ಹಿರಿಯ ಸದಸ್ಯರ ಪ್ರಶ್ನೆಗೆ ಬರೋಣ. ಹುಚ್ಚು ಹಿಡಿದ ಒಂದು ನಾಯಿ ತಾನು ಸಾಯುವ ಮೊದಲು ಸರಾಸರಿ ಎರಡಕ್ಕಿಂತ ಕಡಿಮೆ ನಾಯಿಗಳಿಗೆ ರೋಗ ದಾಟಿಸುತ್ತದೆಂದು ಸಂಶೋಧನೆಗಳು ತೋರಿಸಿವೆ. ಅರ್ಧದಷ್ಟು ನಾಯಿಗಳಿಗೆ ರಕ್ಷಣೆಯಿದ್ದರೆ ಈ ಸಂಖ್ಯೆ ಒಂದಕ್ಕಿಂತ ಕೆಳಗಿಳಿದು ಸರಪಳಿ ತುಂಡಾಗುತ್ತದೆ. ಹಾಗಿದ್ದರೆ ಎಲ್ಲರೂ ಶೇ. 70 ಎನ್ನುವುದೇಕೆ? ಸೋರುವ ಟ್ಯಾಂಕಿನ ಲೆಕ್ಕವೇ ಇಲ್ಲಿಯೂ. ಒಂದು ಶಿಬಿರದಿಂದ ಮುಂದಿನ ವರ್ಷದ ಶಿಬಿರದೊಳಗೆ ಲಸಿಕೆ ಪಡೆದ ನಾಯಿಗಳು ಸಾಯುತ್ತವೆ, ಮರಿಗಳು ಹುಟ್ಟುತ್ತವೆ. ಮಟ್ಟ ಇಳಿಯುತ್ತ ಹೋಗುತ್ತದೆ. ವರ್ಷದ ಕೊನೆಯಲ್ಲೂ ಅಗತ್ಯ ಮಟ್ಟ ಉಳಿಯಬೇಕಾದರೆ 70ರಿಂದ ಆರಂಭಿಸಬೇಕು. ನಾಯಿಗಳನ್ನು ಕೊಲ್ಲುವುದರಿಂದ ರೋಗ ನಿಲ್ಲದಿರುವುದಕ್ಕೂ ಇದೇ ಕಾರಣ: ರಕ್ಷಣೆಯಿದ್ದ ನಾಯಿಗಳೂ ಸಾಯುತ್ತವೆ, ತೆರವಾದ ಜಾಗಕ್ಕೆ ರಕ್ಷಣೆಯಿಲ್ಲದವು ಬರುತ್ತವೆ.

ಇದು ಪುಸ್ತಕದ ಮಾತಷ್ಟೇ ಅಲ್ಲ. ನೆರೆಯ ಗೋವಾದಲ್ಲಿ ಬಲೆ ಹಿಡಿದ ತಂಡಗಳು ಬೀದಿ ಬೀದಿ ತಿರುಗಿ, ಲಸಿಕೆ ಹಾಕಿದ ಪ್ರತಿ ನಾಯಿಯ ಸ್ಥಳವನ್ನು ಮೊಬೈಲಿನಲ್ಲಿ ದಾಖಲಿಸಿದವು. ಮನುಷ್ಯರ ಮರಣ ಶೂನ್ಯಕ್ಕಿಳಿದು, 2021ರಲ್ಲಿ ಆ ರಾಜ್ಯವನ್ನು ರೇಬೀಸ್ ನಿಯಂತ್ರಿತ ಪ್ರದೇಶವೆಂದು ಘೋಷಿಸಲಾಯಿತು. ಅದೇ ವರ್ಷ ಸೆಪ್ಟೆಂಬರ್ 28ರಂದು ಕೇಂದ್ರ ಸರ್ಕಾರ 2030ರೊಳಗೆ ನಾಯಿಯಿಂದ ಹರಡುವ ರೇಬೀಸನ್ನು ನಿರ್ಮೂಲಗೊಳಿಸುವ ರಾಷ್ಟ್ರೀಯ ಕ್ರಿಯಾ ಯೋಜನೆಯನ್ನು ಹೊರಡಿಸಿತು. ಕರ್ನಾಟಕದಲ್ಲಿ ಮಾನವ ರೇಬೀಸ್ 2022ರಿಂದ ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಬೀದಿನಾಯಿಗಳ ಸಂತಾನಹರಣ ಮತ್ತು ಲಸಿಕೆಯ ಹೊಣೆಯನ್ನು ಸ್ಥಳೀಯ ಸಂಸ್ಥೆಗಳಿಗೆ ವಹಿಸಿವೆ. ಆದುದರಿಂದ 'ಇದು ಪಂಚಾಯಿತಿ ಕೆಲಸವೇ' ಎಂಬ ಪ್ರಶ್ನೆಗೆ ಕಾನೂನಿನ ಉತ್ತರ 'ಹೌದು'.

ನಮ್ಮ ಎರಡು ತಾಲ್ಲೂಕುಗಳಲ್ಲಿ ಕಷ್ಟವಿರುವುದು ನಾಯಿಗಳನ್ನು ಎಣಿಸುವುದರಲ್ಲಿ. ಪೇಟೆಯ ಬೀದಿನಾಯಿ ಕಣ್ಣಿಗೆ ಕಾಣುತ್ತದೆ. ತೋಟದ ನಾಯಿ ಯಾರದು? ಮಾಲೀಕರನ್ನು ಕೇಳಿದರೆ 'ಲೈನಿನವರದು' ಎನ್ನುತ್ತಾರೆ, ಲೈನಿನವರನ್ನು ಕೇಳಿದರೆ 'ತೋಟದ್ದು' ಎನ್ನುತ್ತಾರೆ. ಹಂದಿ ಕಾಯಲೆಂದು ಗದ್ದೆಯಂಚಿನಲ್ಲಿ ಬಿಟ್ಟ ನಾಯಿಗಳು ಯಾವ ಪಟ್ಟಿಯಲ್ಲೂ ಇಲ್ಲ. ವಾರ್ಡಿನ ಸದಸ್ಯರಿಗೆ ಮಾತ್ರ ಯಾವ ಮನೆಯಲ್ಲಿ ಎಷ್ಟು ನಾಯಿಗಳಿವೆಯೆಂದು ಗೊತ್ತಿರುತ್ತದೆ. ಶಿಬಿರಕ್ಕೆ ಒಂದು ವಾರ ಮೊದಲು ಸದಸ್ಯರು ಒಂದು ಹಾಳೆಯಲ್ಲಿ ಮನೆವಾರು ಸಂಖ್ಯೆ ಬರೆದುಕೊಟ್ಟರೆ ಶೇ. 70 ಮುಟ್ಟಿದ್ದೇವೋ ಇಲ್ಲವೋ ಎಂಬುದನ್ನು ಆ ಸಂಜೆಯೇ ಹೇಳಬಹುದು. ಹಾಳೆ ಇಲ್ಲದಿದ್ದರೆ 'ಇನ್ನೂರು ನಾಯಿಗೆ ಲಸಿಕೆ' ಎಂಬ ವರದಿಗೆ ಅರ್ಥವಿರದು, ಎಷ್ಟರಲ್ಲಿ ಇನ್ನೂರು ಎಂಬುದೇ ತಿಳಿಯದು.

ಶಂಕಿತ ನಾಯಿ ಅಥವಾ ದನ ಸತ್ತಾಗ ಬರಿಗೈಯಲ್ಲಿ ಮುಟ್ಟದೆ ಪಶು ಆಸ್ಪತ್ರೆಗೆ ಅಥವಾ 1962ಕ್ಕೆ ತಿಳಿಸಬೇಕು. ಮಿದುಳಿನ ಮಾದರಿಯನ್ನು ಬೆಂಗಳೂರು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ರೇಬೀಸ್ ಪ್ರಯೋಗಾಲಯದಲ್ಲಿ ಪರೀಕ್ಷಿಸುವ ವ್ಯವಸ್ಥೆಯಿದೆ. ರೋಗ ಖಚಿತವಾದರೆ ಆ ಪ್ರಾಣಿಯನ್ನು ಮುಟ್ಟಿದವರ ಹೆಸರು ಮತ್ತು ಫೋನ್ ಸಂಖ್ಯೆಗಳನ್ನು ಪಂಚಾಯಿತಿಯಲ್ಲಿ ಬರೆದಿಟ್ಟು, 3, 7, 28ನೆಯ ದಿನಗಳಂದು ಆಶಾ ಕಾರ್ಯಕರ್ತೆಯ ಮೂಲಕ ವಿಚಾರಿಸಬೇಕು. ಹೊರಗಿನಿಂದ ಬಂದ ಕಾರ್ಮಿಕರಾದರೆ ಮೇಸ್ತ್ರಿಯ ಸಂಖ್ಯೆಯನ್ನೂ ಬರೆದುಕೊಳ್ಳಿ. ನಮ್ಮನ್ನು ಆರು ದಿನ ಅಲೆಸಿದ್ದು ಆ ಒಂದು ಸಂಖ್ಯೆ.

ಶಿಬಿರದ ಕಾಲದ ಬಗ್ಗೆ ಒಂದು ಸಲಹೆ. ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನ ನಮ್ಮಲ್ಲಿ ಮಳೆ ಇನ್ನೂ ಹಿಂದೆಗೆಯದ ಕಾಲ. ನಾಯಿಗಳನ್ನು ಹೊರಗೆ ತರುವವರೇ ಇರುವುದಿಲ್ಲ. ಡಿಸೆಂಬರಿನಲ್ಲಿ ಕೊಯ್ಲಿಗೆ ಜನ ಬಂದು ಲೈನ್ ಮನೆಗಳು ತುಂಬಿದ ಮೇಲೆ, ಹಣ್ಣು ಅಳೆಯುವ ಸಂಜೆಯ ಹೊತ್ತಿಗೆ ತೋಟದ ಕಣದಲ್ಲೇ ಶಿಬಿರವಿಟ್ಟರೆ ಜನರೂ ನಾಯಿಗಳೂ ಒಂದೇ ಕಡೆ ಸಿಗುತ್ತವೆ. ಇದಕ್ಕೆ ತೋಟದ ಮಾಲೀಕರ ಒಪ್ಪಿಗೆಯೂ ಪಶುವೈದ್ಯರ ಕೆಲಸದ ವೇಳೆಯ ಹೊಂದಾಣಿಕೆಯೂ ಬೇಕು. ಎರಡನ್ನೂ ಅಕ್ಟೋಬರಿನ ಸಾಮಾನ್ಯ ಸಭೆಯಲ್ಲೇ ನಿರ್ಣಯಕ್ಕೆ ತರಬೇಕೆಂದು ಕೋರುತ್ತೇನೆ.